ಬರೆಯದಿರುವುದೂ ಚಿಕಿತ್ಸೆಯೇ: ಆಂಟಿಬಯೋಟಿಕ್ ಮತ್ತು ವೈದ್ಯರ ವಿವೇಕ

ಮಳೆಗಾಲ ಕಾಲಿಟ್ಟಿತೆಂದರೆ ಊರೂರಿನ ದವಾಖಾನೆಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ನೆಗಡಿ, ಕೆಮ್ಮು, ಗಂಟಲು ನೋವು, ಮೈಕೈ ನೋವು, ಜ್ವರ ಇವೇ ಬಹುಪಾಲು ರೋಗಿಗಳ ದೂರುಗಳು. ದೂರದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತು, ಬಸ್ಸಿಗೆ ಕಾದು ಬಂದ ತಾಯಿಯೊಬ್ಬಳು ಸರದಿಯಲ್ಲಿ ಕುಳಿತಿರುತ್ತಾಳೆ. ಅವಳ ಸರದಿ ಬಂದಾಗ ವೈದ್ಯರು ಮಗುವಿನ ಎದೆಯನ್ನು ಪರೀಕ್ಷಿಸುತ್ತಾರೆ, ಗಂಟಲು ನೋಡುತ್ತಾರೆ. ಅದು ವೈರಾಣುವಿನಿಂದ ಬಂದ ಸಾಮಾನ್ಯ ನೆಗಡಿ, ಕೆಲವೇ ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಎಂಬುದು ಅವರಿಗೆ ತಿಳಿಯುತ್ತದೆ. "ಸಾಹೇಬ್ರ, ಲಗೂನ ಆರಾಮ ಆಗೋವಂಥಾ ಔಷಧ ಬರೀರಿ, ಇಲ್ಲಾ ಒಂದು ಸೂಜಿ ಮಾಡ್ರಿ" ಎಂದು ತಾಯಿ ಬೇಡಿಕೊಳ್ಳುತ್ತಾಳೆ. ಹೊರಗೆ ಇನ್ನೂ ನಲವತ್ತು ಮಂದಿ ಕಾಯುತ್ತಿದ್ದಾರೆ. ವೈದ್ಯರ ಲೇಖನಿ ಚೀಟಿಯ ಮೇಲೆ ಒಂದು ಆಂಟಿಬಯೋಟಿಕ್ ಹೆಸರನ್ನು ಬರೆದುಬಿಡುತ್ತದೆ.

ಇದು ಬೇರೆಯವರ ತಪ್ಪನ್ನು ಎತ್ತಿ ತೋರಿಸುವ ಮಾತಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ ನಾನೂ ಇಂತಹ ಚೀಟಿಗಳನ್ನು ಬರೆದಿದ್ದೇನೆ. ಬೇಡವೆಂದು ತಿಳಿದೂ ಬರೆದಿದ್ದೇನೆ. ವೈದ್ಯನೊಬ್ಬ ಹೀಗೇಕೆ ಮಾಡುತ್ತಾನೆ, ಅದರಿಂದ ಆಗುವ ಹಾನಿ ಏನು, ಅವನು ವಿವೇಕದಿಂದ ಬರೆಯುವಂತೆ ಮಾಡಲು ಲೋಕದಲ್ಲಿ ಯಾವ ಪ್ರಯತ್ನಗಳು ನಡೆದಿವೆ, ಅದರಲ್ಲಿ ರೋಗಿಗಳ ಪಾತ್ರ ಎಷ್ಟು ಎಂಬುದನ್ನು ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಂಟಿಬಯೋಟಿಕ್ ಎಂದರೇನು?

ರೋಗ ತರುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬ್ಯಾಕ್ಟೀರಿಯಾ, ಇನ್ನೊಂದು ವೈರಾಣು ಅಥವಾ ವೈರಸ್. ಬ್ಯಾಕ್ಟೀರಿಯಾ ತನ್ನದೇ ಆದ ಕೋಶಭಿತ್ತಿ, ತನ್ನದೇ ಆದ ಜೀವನಕ್ರಿಯೆ ಉಳ್ಳ ಪೂರ್ಣ ಜೀವಿ. ಆಂಟಿಬಯೋಟಿಕ್ ಅಥವಾ ಪ್ರತಿಜೈವಿಕ ಔಷಧವು ಆ ಭಿತ್ತಿಯನ್ನು ಒಡೆಯುತ್ತದೆ, ಇಲ್ಲವೇ ಅದರ ಬೆಳವಣಿಗೆಯನ್ನು ತಡೆಯುತ್ತದೆ. ವೈರಾಣುವಿಗೆ ಇಂತಹ ರಚನೆ ಇಲ್ಲ. ಅದು ನಮ್ಮ ದೇಹದ ಜೀವಕೋಶದೊಳಗೆ ಹೊಕ್ಕು ಅಲ್ಲಿಯೇ ಬೆಳೆಯುತ್ತದೆ. ಆದುದರಿಂದ ವೈರಾಣುವಿನ ಮೇಲೆ ಆಂಟಿಬಯೋಟಿಕ್ ಯಾವ ಪರಿಣಾಮವನ್ನೂ ಮಾಡಲಾರದು. ನೆಗಡಿ, ಫ್ಲೂ, ಡೆಂಗಿ, ಹೆಚ್ಚಿನ ಗಂಟಲು ನೋವು, ಮಕ್ಕಳ ನೀರುಭೇದಿಯ ಬಹುಪಾಲು ಪ್ರಕರಣಗಳು ವೈರಾಣುಗಳಿಂದ ಬರುವಂತಹವು.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಕಂಡುಹಿಡಿದರು. 1940ರ ದಶಕದಲ್ಲಿ ಅದು ಜನಸಾಮಾನ್ಯರಿಗೆ ದೊರೆಯತೊಡಗಿತು. ಅದಕ್ಕೆ ಮೊದಲು ಹೆರಿಗೆಯ ನಂತರದ ಸೋಂಕು, ನ್ಯುಮೋನಿಯಾ, ಕೀವುಗಟ್ಟಿದ ಒಂದು ಸಣ್ಣ ಗಾಯ ಕೂಡ ಜೀವವನ್ನು ಕೊಂಡೊಯ್ಯುತ್ತಿದ್ದವು. ಇಂದು ನಾವು ಧೈರ್ಯದಿಂದ ಮಾಡಿಸಿಕೊಳ್ಳುವ ಸಿಸೇರಿಯನ್ ಹೆರಿಗೆ, ಮಂಡಿ ಚಿಪ್ಪಿನ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ, ಮೂತ್ರಪಿಂಡದ ಕಸಿ ಇವೆಲ್ಲವೂ ಸೋಂಕು ತಗುಲಿದರೆ ತಡೆಯುವ ಔಷಧವಿದೆ ಎಂಬ ಭರವಸೆಯ ಮೇಲೆ ನಿಂತಿವೆ. 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಸ್ವತಃ ಫ್ಲೆಮಿಂಗ್ ಅವರೇ ಒಂದು ಎಚ್ಚರಿಕೆ ನೀಡಿದ್ದರು. ತಿಳಿವಳಿಕೆಯಿಲ್ಲದೆ ಕಡಿಮೆ ಪ್ರಮಾಣದಲ್ಲಿ ಔಷಧ ಸೇವಿಸಿದರೆ ಸೂಕ್ಷ್ಮಾಣುಗಳು ಅದನ್ನು ಎದುರಿಸುವುದನ್ನು ಕಲಿತುಬಿಡುತ್ತವೆ ಎಂಬುದೇ ಆ ಎಚ್ಚರಿಕೆಯ ಸಾರ.

ನಿರೋಧ ಬೆಳೆಯುವ ಬಗೆ

"ಔಷಧ ನನ್ನ ಮೈಗೆ ರೂಢಿಯಾಗಿಬಿಟ್ಟಿದೆ, ಅದಕ್ಕೇ ನಾಟುವುದಿಲ್ಲ" ಎಂದು ಹಲವರು ಹೇಳುವುದುಂಟು. ಇದು ಸರಿಯಾದ ತಿಳಿವಳಿಕೆಯಲ್ಲ. ಔಷಧಕ್ಕೆ ಒಗ್ಗಿಕೊಳ್ಳುವುದು ನಮ್ಮ ದೇಹವಲ್ಲ, ಸೂಕ್ಷ್ಮಾಣು. ನಮ್ಮ ಕರುಳು, ಬಾಯಿ, ಚರ್ಮಗಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ಅನೇಕವು ಉಪಕಾರಿಗಳು. ಆಂಟಿಬಯೋಟಿಕ್ ಸೇವಿಸಿದಾಗ ಅದಕ್ಕೆ ಮಣಿಯುವವು ಸಾಯುತ್ತವೆ, ಮಣಿಯದ ಕೆಲವು ಉಳಿಯುತ್ತವೆ. ಕಳೆಯ ನಡುವೆ ಬೆಳೆಯನ್ನೂ ಕಿತ್ತ ಹೊಲದಲ್ಲಿ ಉಳಿದ ಹಠಮಾರಿ ಕಳೆಯೇ ಹೊಲವನ್ನೆಲ್ಲ ಆಕ್ರಮಿಸುವಂತೆ ಅವು ಹರಡಿಕೊಳ್ಳುತ್ತವೆ. ಇಷ್ಟೇ ಅಲ್ಲ, ಔಷಧವನ್ನು ಎದುರಿಸುವ ಗುಣವನ್ನು ಹೊತ್ತ ವಂಶವಾಹಿಯನ್ನು ಒಂದು ಬ್ಯಾಕ್ಟೀರಿಯಾ ತನ್ನ ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಹೀಗೆ ನಿರೋಧ ಪಡೆದ ಸೂಕ್ಷ್ಮಾಣು ಕೈಯಿಂದ ಕೈಗೆ, ನೀರಿನಿಂದ, ಆಹಾರದಿಂದ ಮನೆಯವರಿಗೂ ಊರವರಿಗೂ ಹರಡುತ್ತದೆ. ಜನ್ಮದಲ್ಲಿ ಒಂದು ಮಾತ್ರೆಯನ್ನೂ ನುಂಗದ ನವಜಾತ ಶಿಶುವಿಗೆ ತಗುಲುವ ಸೋಂಕು ಕೂಡ ಔಷಧಕ್ಕೆ ಬಗ್ಗದಂತಹದಾಗಿರಬಹುದು.

ಒಮ್ಮೆ ಅರವತ್ತು ದಾಟಿದ ತಾಯಿಯೊಬ್ಬರು ಚಳಿಜ್ವರ ಮತ್ತು ಉರಿಮೂತ್ರದಿಂದ ನನ್ನಲ್ಲಿಗೆ ಬಂದರು. ಸಾಮಾನ್ಯವಾಗಿ ಮಾತ್ರೆಗೆ ಮಣಿಯಬೇಕಾದ ಸೋಂಕು ಮಣಿಯಲಿಲ್ಲ. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದಾಗ, ನಾವು ದಿನವೂ ಬರೆಯುವ ಮಾತ್ರೆಗಳಲ್ಲಿ ಒಂದೂ ಕೆಲಸ ಮಾಡುವುದಿಲ್ಲವೆಂದು ವರದಿ ಬಂದಿತು. ಅವರನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸೇರಿಸಿ, ಹಲವು ದಿನ ರಕ್ತನಾಳದ ಮೂಲಕ ಔಷಧ ಕೊಡಬೇಕಾಯಿತು. ಮಗ ಎರಡು ಆಡುಗಳನ್ನು ಮಾರಿ ಖರ್ಚು ಹೊಂದಿಸಿದ. ಅವರು ಗುಣವಾಗಿ ಮರಳಿದ ಮೇಲೆ, ಹಳೆಯ ಚೀಟಿಗಳಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. ನೆಗಡಿಗೆ, ಕೆಮ್ಮಿಗೆ, ಹಲ್ಲುನೋವಿಗೆ, ಮೈನೋವಿಗೆ ಒಂದಲ್ಲ ಒಂದು ಆಂಟಿಬಯೋಟಿಕ್ ಬರೆದಿದ್ದ ಚೀಟಿಗಳು ಅದರಲ್ಲಿದ್ದವು. ಅವುಗಳಲ್ಲಿ ಮೂರರ ಮೇಲಿನ ಅಕ್ಷರ ನನ್ನದೇ. ಆ ಚೀಟಿಗಳಿಂದಲೇ ಅವರಿಗೆ ಆ ಸೋಂಕು ಬಂದಿತೆಂದು ಖಚಿತವಾಗಿ ಹೇಳಲಾಗದು. ಬಾರಿಬಾರಿಗೂ ಆಂಟಿಬಯೋಟಿಕ್ ಸೇವಿಸಿದವರಲ್ಲಿ ಇಂತಹ ಸೋಂಕಿನ ಸಂಭವ ಹೆಚ್ಚು ಎಂಬುದು ಮಾತ್ರ ಖಚಿತ. ಅಂದಿನಿಂದ ಲೇಖನಿ ಹಿಡಿಯುವಾಗ ಆ ಚೀಲ ನೆನಪಾಗುತ್ತದೆ.

ಇದು ಒಬ್ಬರ ಕಥೆಯಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಔಷಧನಿರೋಧಕ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಸುಮಾರು 12.7 ಲಕ್ಷ ಜನರು ಮೃತರಾದರು. ಇಂತಹ ಸೋಂಕು ಜೊತೆಗಿದ್ದ ಮರಣಗಳನ್ನು ಎಣಿಸಿದರೆ ಆ ಸಂಖ್ಯೆ 49.5 ಲಕ್ಷ. ಹೊಸ ಆಂಟಿಬಯೋಟಿಕ್‌ಗಳ ಶೋಧವಾದರೂ ಬಹಳ ನಿಧಾನವಾಗಿ ಸಾಗಿದೆ. ಇರುವ ಔಷಧಗಳು ಊರ ಕೆರೆಯ ನೀರಿದ್ದಂತೆ. ಒಬ್ಬನು ಅನಗತ್ಯವಾಗಿ ಹರಿಯಬಿಟ್ಟರೆ ಬೇಸಿಗೆಯಲ್ಲಿ ಊರಿಗೆಲ್ಲ ಬರಗಾಲ.

ಗೊತ್ತಿದ್ದೂ ವೈದ್ಯರೇಕೆ ಬರೆಯುತ್ತಾರೆ?

ವೈದ್ಯರಿಗೆ ಈ ಸಂಗತಿ ತಿಳಿಯದೆಂದಲ್ಲ. ಆದರೆ ಚೀಟಿ ಬರೆಯುವ ಕ್ಷಣದಲ್ಲಿ ಹಲವು ಒತ್ತಡಗಳು ಅವರ ಮೇಲಿರುತ್ತವೆ. ಮೊದಲನೆಯದು ಅನಿಶ್ಚಿತತೆ. ಸೋಂಕು ವೈರಾಣುವಿನದೋ ಬ್ಯಾಕ್ಟೀರಿಯಾದ್ದೋ ಎಂದು ಕೆಲವೊಮ್ಮೆ ನೋಡಿದ ಮಾತ್ರಕ್ಕೆ ಹೇಳಲಾಗದು. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು, ಸಣ್ಣ ಊರುಗಳಲ್ಲಿ ಆ ಸೌಲಭ್ಯವೂ ಇರುವುದಿಲ್ಲ. ಎರಡನೆಯದು ಭಯ. ಬರೆಯದೆ ಬಿಟ್ಟು ರೋಗ ಉಲ್ಬಣಿಸಿದರೆ ಅಪವಾದ ತಪ್ಪದು. ಮೂರನೆಯದು ಸಮಯದ ಅಭಾವ. "ಔಷಧ ಬೇಡ" ಎಂದು ವಿವರಿಸಲು ಐದು ನಿಮಿಷ ಬೇಕು, ಬರೆದುಕೊಡಲು ಅರ್ಧ ನಿಮಿಷ ಸಾಕು. ನಾಲ್ಕನೆಯದು, ತಾನು ಕೊಡದಿದ್ದರೆ ರೋಗಿ ಮುಂದಿನ ಬೀದಿಯ ವೈದ್ಯರಲ್ಲಿಗೆ ಹೋಗುವನೆಂಬ ಅಳುಕು.

ದೊಡ್ಡ ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಸಿತು. ಒಳರೋಗಿಗಳಲ್ಲಿ ಶೇ. 71.9ರಷ್ಟು ಮಂದಿಗೆ ಆಂಟಿಬಯೋಟಿಕ್ ಬರೆಯಲಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವ ಸೋಂಕಿಗೆ ಚಿಕಿತ್ಸೆಯಾಗಿ ಕೊಟ್ಟದ್ದಲ್ಲ, ಮುಂದೆ ಸೋಂಕು ಬಾರದಿರಲೆಂದು ಕೊಟ್ಟದ್ದು. ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮೊದಲು ಒಂದು ಡೋಸ್ ಕೊಡುವುದು ಅನೇಕ ಸಂದರ್ಭಗಳಲ್ಲಿ ಅವಶ್ಯಕ. ಆದರೆ ಹೊಲಿಗೆ ಒಣಗುವವರೆಗೂ ದಿನಗಟ್ಟಲೆ ಮುಂದುವರಿಸುವುದರಿಂದ ಹೆಚ್ಚಿನ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನ ರಕ್ಷಣೆ ದೊರೆಯುವುದಿಲ್ಲ.

ಐದನೆಯ ಕಾರಣವೊಂದಿದೆ, ಅದು ರೋಗಿಗಳಾದ ನಮಗೆ ನೇರವಾಗಿ ಸಂಬಂಧಿಸಿದುದು. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ಮಕ್ಕಳ ವೈದ್ಯರ ಕುರಿತ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ವೈರಾಣುವಿನಿಂದ ಬಂದಿರಬಹುದಾದ ಕಾಯಿಲೆಯಲ್ಲಿಯೂ, ಮಗುವಿನ ತಂದೆತಾಯಿಗೆ ಆಂಟಿಬಯೋಟಿಕ್ ಬೇಕಾಗಿದೆಯೆಂದು ವೈದ್ಯರಿಗೆ ಅನಿಸಿದಾಗ ಅವರು ಶೇ. 62ರಷ್ಟು ಸಲ ಅದನ್ನು ಬರೆದರು. ಹಾಗೆ ಅನಿಸದಿದ್ದಾಗ ಬರೆದದ್ದು ಶೇ. 7ರಷ್ಟು ಸಲ ಮಾತ್ರ. ತಂದೆತಾಯಿಯ ಮನಸ್ಸಿನಲ್ಲಿ ನಿಜಕ್ಕೂ ಏನಿತ್ತು ಎಂಬುದು ಚೀಟಿಯನ್ನು ನಿರ್ಧರಿಸಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೆಂದು ವೈದ್ಯರು ಊಹಿಸಿದರೋ ಅದೇ ನಿರ್ಧರಿಸಿತು. ಇನ್ನೊಂದು ಸಂಗತಿ: ನಿರೀಕ್ಷಿಸಿದ್ದ ಆಂಟಿಬಯೋಟಿಕ್ ದೊರೆಯಲಿಲ್ಲವೆಂಬ ಕಾರಣಕ್ಕೆ ತಂದೆತಾಯಿಯ ಸಮಾಧಾನ ಕಡಿಮೆಯಾಗಲಿಲ್ಲ. ಬಯಸಿದ ವಿವರಣೆ ವೈದ್ಯರಿಂದ ದೊರೆಯದಿದ್ದಾಗ ಕಡಿಮೆಯಾಯಿತು. ಎಂದರೆ, ರೋಗಿ ಬಯಸುವುದು ಮಾತನ್ನು, ವೈದ್ಯ ಕೊಡುವುದು ಮಾತ್ರೆಯನ್ನು. ಇಬ್ಬರ ನಡುವಿನ ಮೌನವೇ ಎಷ್ಟೋ ಅನಗತ್ಯ ಔಷಧಕ್ಕೆ ಕಾರಣವಾಗಿದೆ.

ವೈದ್ಯರನ್ನು ಎಚ್ಚರಿಸಿದ ಪ್ರಯತ್ನಗಳು

ಕೇವಲ ಉಪನ್ಯಾಸ, ಸುತ್ತೋಲೆಗಳಿಂದ ಬಹುಕಾಲದ ಅಭ್ಯಾಸ ಬದಲಾಗುವುದು ಕಷ್ಟ. ಆದರೆ ಸರಳವಾದ ಕೆಲವು ಕ್ರಮಗಳು ಫಲ ಕೊಟ್ಟಿವೆ.

2014ರಲ್ಲಿ ಇಂಗ್ಲೆಂಡಿನಲ್ಲಿ, ತಮ್ಮ ಪ್ರದೇಶದಲ್ಲಿ ಅತಿ ಹೆಚ್ಚು ಆಂಟಿಬಯೋಟಿಕ್ ಬರೆಯುವ ಮೇಲಿನ ಶೇ. 20ರ ಗುಂಪಿಗೆ ಸೇರಿದ 1,581 ಚಿಕಿತ್ಸಾಲಯಗಳನ್ನು ಗುರುತಿಸಲಾಯಿತು. ಅವುಗಳಲ್ಲಿ ಅರ್ಧದಷ್ಟು ಚಿಕಿತ್ಸಾಲಯಗಳ ವೈದ್ಯರಿಗೆ ಆ ದೇಶದ ಮುಖ್ಯ ವೈದ್ಯಾಧಿಕಾರಿಗಳಾಗಿದ್ದ ಸ್ಯಾಲಿ ಡೇವಿಸ್ ಅವರ ಸಹಿಯುಳ್ಳ ಪತ್ರ ಹೋಯಿತು. ನಿಮ್ಮ ಪ್ರದೇಶದ ಶೇ. 80ರಷ್ಟು ಚಿಕಿತ್ಸಾಲಯಗಳು ನಿಮಗಿಂತ ಕಡಿಮೆ ಆಂಟಿಬಯೋಟಿಕ್ ಬರೆಯುತ್ತಿವೆ ಎಂಬುದು ಆ ಪತ್ರದ ಮುಖ್ಯ ಒಕ್ಕಣೆ. ಅದರಲ್ಲಿ ದಂಡವಿರಲಿಲ್ಲ, ಬೆದರಿಕೆಯಿರಲಿಲ್ಲ. ಮನೆಯಲ್ಲಿ ಮಾಡುವ ಆರೈಕೆಯನ್ನು ರೋಗಿಗೆ ಹೇಳಿಕೊಡಿ, ಸಹವೈದ್ಯರೊಡನೆ ಚರ್ಚಿಸಿ ಎಂಬಂತಹ ಸಲಹೆಗಳಿದ್ದವು. ಮುಂದಿನ ಆರು ತಿಂಗಳಲ್ಲಿ ಪತ್ರ ಪಡೆದವರು ಉಳಿದವರಿಗಿಂತ ಶೇ. 3.3ರಷ್ಟು ಕಡಿಮೆ ಬರೆದರು. ಅಂದಾಜು 73,406 ಚೀಟಿಗಳು ಉಳಿದವು. ಒಂದು ಪತ್ರದ ಖರ್ಚಿಗೆ ಇದು ಸಣ್ಣ ಫಲವಲ್ಲ. ಅದೇ ಪ್ರಯೋಗದಲ್ಲಿ ರೋಗಿಗಳಿಗೆಂದು ಚಿಕಿತ್ಸಾಲಯಗಳಿಗೆ ಕಳುಹಿಸಿದ ಭಿತ್ತಿಪತ್ರ, ಕರಪತ್ರಗಳಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗೋಡೆಗೆ ಅಂಟಿಸಿದ ಉಪದೇಶಕ್ಕಿಂತ ಮನುಷ್ಯನು ಮನುಷ್ಯನಿಗೆ ನೇರವಾಗಿ ಆಡುವ ಮಾತಿಗೆ ಬಲ ಹೆಚ್ಚು.

ಲಾಸ್ ಏಂಜಲೀಸ್‌ನ ಐದು ಚಿಕಿತ್ಸಾಲಯಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಿದೆ. "ಅಗತ್ಯವಿಲ್ಲದಾಗ ಆಂಟಿಬಯೋಟಿಕ್ ಕೊಡುವುದಿಲ್ಲ" ಎಂಬ ಅರ್ಥದ ವಾಗ್ದಾನ ಪತ್ರಕ್ಕೆ ವೈದ್ಯರು ಸಹಿ ಹಾಕಿ, ತಮ್ಮ ಭಾವಚಿತ್ರದೊಡನೆ ಪರೀಕ್ಷಾ ಕೊಠಡಿಯಲ್ಲಿ ತೂಗುಹಾಕಿದರು. ಚಳಿಗಾಲದ ಹನ್ನೆರಡು ವಾರಗಳಲ್ಲಿ, ಉಸಿರಾಟದ ಸೋಂಕುಗಳಿಗೆ ಅವರು ಅನಗತ್ಯವಾಗಿ ಬರೆಯುವ ಪ್ರಮಾಣವು ವಾಗ್ದಾನ ಮಾಡದ ವೈದ್ಯರಿಗೆ ಹೋಲಿಸಿದರೆ ನೂರಕ್ಕೆ ಸುಮಾರು 20ರಷ್ಟು ಕೆಳಗಿಳಿಯಿತು. ಇದೂ ಗೋಡೆಯ ಮೇಲಿನ ಪತ್ರವೇ. ಆದರೆ ಅದರ ಮೇಲಿದ್ದುದು ವೈದ್ಯರದೇ ಮುಖ, ವೈದ್ಯರದೇ ಸಹಿ. ನುಡಿದಂತೆ ನಡೆಯಬೇಕೆಂಬ ಹೊಣೆ ಕೊಟ್ಟ ಮಾತಿನಿಂದ ತಾನಾಗಿಯೇ ಬರುತ್ತದೆ. ನುಡಿ ಮತ್ತು ನಡೆ ಒಂದಾಗಿರಬೇಕೆಂಬ ಪಾಠವನ್ನು ಕೇಳಿಯೇ ಬೆಳೆದ ನಮಗೆ ಇದು ಆಶ್ಚರ್ಯವೆನಿಸದು.

2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಬಾಸ್ಟನ್ ಮತ್ತು ಲಾಸ್ ಏಂಜಲೀಸ್‌ಗಳ 47 ಚಿಕಿತ್ಸಾಲಯಗಳಲ್ಲಿ ನಡೆಯಿತು. ಒಂದು ಗುಂಪಿನ ವೈದ್ಯರು ಆಂಟಿಬಯೋಟಿಕ್ ಬರೆಯುವಾಗಲೆಲ್ಲ ಅದೇಕೆಂದು ರೋಗಿಯ ದಾಖಲೆಯಲ್ಲಿ ಒಂದು ವಾಕ್ಯದ ಕಾರಣ ನಮೂದಿಸಬೇಕಿತ್ತು. ಹದಿನೆಂಟು ತಿಂಗಳಲ್ಲಿ ಆ ಗುಂಪಿನ ಅನಗತ್ಯ ಚೀಟಿಗಳು ಶೇ. 23.2ರಿಂದ ಶೇ. 5.2ಕ್ಕೆ ಇಳಿದವು. ಏನನ್ನೂ ಮಾಡದೆ ಬಿಟ್ಟಿದ್ದ ಗುಂಪಿನಲ್ಲಿಯೂ ಶೇ. 24.1ರಿಂದ ಶೇ. 13.1ಕ್ಕೆ ಇಳಿಕೆಯಾಯಿತಾದರೂ ಕಾರಣ ಬರೆದವರ ಇಳಿಕೆ ಅದಕ್ಕಿಂತ ಬಹಳ ಹೆಚ್ಚು. ಕಾರಣ ಬರೆಯಲು ಹೊರಟಾಗ, ಬರೆಯಲು ಕಾರಣವೇ ಇಲ್ಲವೆಂಬುದು ವೈದ್ಯನಿಗೆ ಹೊಳೆಯುತ್ತದೆ.

ನಮ್ಮ ದೇಶದಲ್ಲಿ

ಭಾರತದಲ್ಲಿಯೂ ಇದೇ ದಾರಿಯ ಹೆಜ್ಜೆಗಳಿವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯ ನಿಯಮದಂತೆ, ಆ ಪಟ್ಟಿಯಲ್ಲಿರುವ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಮಾರಿದಾಗ ಔಷಧ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಔಷಧದ ಪಟ್ಟಿಯ ಮೇಲಿರುವ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಆರಂಭಿಸಿತು. ಈ ಗೆರೆಯಿರುವ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಹಾಗೂ ವೈದ್ಯರ ಸಂಘಗಳಿಗೆ ಪತ್ರ ಬರೆದು, ಇಂತಹ ಔಷಧ ಬರೆಯುವಾಗ ಅದರ ನಿಖರ ಕಾರಣವನ್ನು ಚೀಟಿಯಲ್ಲಿ ನಮೂದಿಸಬೇಕೆಂದು ಕೋರಿತು. ನೆರೆಯ ಕೇರಳ ರಾಜ್ಯವು 2018ರಲ್ಲಿಯೇ ತನ್ನದೇ ಕ್ರಿಯಾಯೋಜನೆ ರೂಪಿಸಿಕೊಂಡು ಈ ಕಾರ್ಯದಲ್ಲಿ ಮುಂದಿದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದವು ಒಂದು ಗುಂಪು, ಅಮಾಕ್ಸಿಸಿಲಿನ್ ಇದಕ್ಕೆ ಸೇರಿದೆ. ಎಚ್ಚರಿಕೆಯಿಂದ ಬಳಸಬೇಕಾದವು ಎರಡನೆಯ ಗುಂಪು. ನಮ್ಮಲ್ಲಿ ನೆಗಡಿಗೂ ಬರೆಯಲಾಗುವ ಅಜಿತ್ರೊಮೈಸಿನ್ ಈ ಎರಡನೆಯ ಗುಂಪಿನದೆಂಬುದು ಗಮನಾರ್ಹ. ಬೇರೆ ಯಾವುದೂ ನಾಟದಾಗ ಬಳಸಲೆಂದು ಕಾಯ್ದಿಟ್ಟವು ಮೂರನೆಯ ಗುಂಪು. 2030ರ ವೇಳೆಗೆ ಬಳಕೆಯ ಶೇ. 70ರಷ್ಟಾದರೂ ಮೊದಲ ಗುಂಪಿನದಾಗಿರಬೇಕೆಂದು 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡಿವೆ.

ಅಗತ್ಯವಿದ್ದಾಗ ತಡಮಾಡಬಾರದು

ಇಷ್ಟು ಹೇಳಿದ ಮಾತ್ರಕ್ಕೆ ಆಂಟಿಬಯೋಟಿಕ್ ಎಂದರೆ ವಿಷವೆಂದು ಯಾರೂ ಭಾವಿಸಕೂಡದು. ನ್ಯುಮೋನಿಯಾ, ವಿಷಮಶೀತ ಜ್ವರ, ಮೂತ್ರಪಿಂಡದ ಸೋಂಕು, ರಕ್ತಕ್ಕೆ ನಂಜೇರಿದ ಸ್ಥಿತಿಗಳಲ್ಲಿ ಅದು ಪ್ರಾಣರಕ್ಷಕ. ಅಲ್ಲಿ ಒಂದೆರಡು ಗಂಟೆಯ ವಿಳಂಬವೂ ಅಪಾಯವಾದೀತು. ಕ್ಷಯರೋಗದ ಚಿಕಿತ್ಸೆಯನ್ನಂತೂ ತಿಂಗಳುಗಳ ಕಾಲ ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳಬೇಕು.

ಸಾಮಾನ್ಯ ನೆಗಡಿ ವಾರದಿಂದ ಹತ್ತು ದಿನ ಇರಬಹುದು. ಅದರ ಕೆಮ್ಮು ಎರಡು ಮೂರು ವಾರ ಉಳಿದರೂ ಅಚ್ಚರಿಯಿಲ್ಲ. ಮೂಗಿನ ಸಿಂಬಳ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿತೆಂಬುದೊಂದೇ ಆಂಟಿಬಯೋಟಿಕ್‌ಗೆ ಕಾರಣವಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಬಿಸಿ ಗಂಜಿ, ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇಷ್ಟು ಸಾಕಾಗುತ್ತದೆ. ಮಕ್ಕಳ ನೀರುಭೇದಿಗೆ ಓಆರ್‌ಎಸ್ ದ್ರಾವಣ ಮತ್ತು ಸತುವಿನ ಮಾತ್ರೆಯೇ ಮುಖ್ಯ ಚಿಕಿತ್ಸೆ. ಆದರೆ ಕೆಳಗಿನ ಲಕ್ಷಣಗಳು ಕಂಡರೆ ಮನೆಯಲ್ಲಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

• ಮಗು ಶಾಂತವಾಗಿರುವಾಗಲೂ ಉಸಿರಾಟ ವೇಗವಾಗಿರುವುದು: ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು.
• ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಗಟ್ಟುವುದು.
• ಮಗು ಹಾಲು, ನೀರು ಕುಡಿಯದಿರುವುದು, ಮಂಕಾಗಿರುವುದು, ಫಿಟ್ಸ್ ಬರುವುದು.
• ಎರಡು ತಿಂಗಳೊಳಗಿನ ಶಿಶುವಿಗೆ ಯಾವುದೇ ಜ್ವರ.
• ಮಲದಲ್ಲಿ ರಕ್ತ, ಕಣ್ಣು ಗುಳಿಬಿದ್ದಿರುವುದು, ಮೂತ್ರ ಕಡಿಮೆಯಾಗಿರುವುದು.
• ಹಿರಿಯರಲ್ಲಿ ಚಳಿನಡುಕ, ಗೊಂದಲದ ಮಾತು, ಏದುಸಿರು, ಎದೆನೋವು.
• ಮೂರು ದಿನ ಕಳೆದರೂ ಇಳಿಯದ ಜ್ವರ, ಅಥವಾ ಒಮ್ಮೆ ಇಳಿದು ಮತ್ತೆ ಏರಿದ ಜ್ವರ.

ಭಕ್ತರು ಮಾಡಬಹುದಾದುದು

ವೈದ್ಯರ ಲೇಖನಿಯನ್ನು ಸರಿದಾರಿಗೆ ತರುವ ಶಕ್ತಿ ಸರ್ಕಾರಕ್ಕಿಂತಲೂ ರೋಗಿಗೆ ಹೆಚ್ಚಾಗಿದೆ. ಅನಗತ್ಯ ಚೀಟಿಯ ದೊಡ್ಡ ಕಾರಣ ರೋಗಿಗೆ ಔಷಧ ಬೇಕಾಗಿದೆ ಎಂಬ ವೈದ್ಯರ ಊಹೆಯಾಗಿದ್ದರೆ, ಆ ಊಹೆಯನ್ನು ಒಂದೇ ಮಾತಿನಿಂದ ಹೋಗಲಾಡಿಸಬಹುದು. "ಡಾಕ್ಟರೇ, ಆಂಟಿಬಯೋಟಿಕ್ ಅಗತ್ಯವಿದ್ದರಷ್ಟೇ ಬರೆಯಿರಿ, ಇಲ್ಲದಿದ್ದರೆ ಏನು ಮಾಡಬೇಕೆಂದು ಹೇಳಿ" ಎಂದು ವಿನಯದಿಂದ ನುಡಿದರೆ ಯಾವ ವೈದ್ಯರಿಗೂ ಬೇಸರವಾಗದು. ಬದಲಾಗಿ ಅವರ ತಲೆಯ ಮೇಲಿನ ಭಾರ ಇಳಿಯುತ್ತದೆ. ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಕಾಯಿಲೆ ಯಾವುದು? ಎಷ್ಟು ದಿನದಲ್ಲಿ ಗುಣವಾಗಬಹುದು? ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು? ಮೂರನೆಯ ಪ್ರಶ್ನೆಗೆ ಉತ್ತರ ದೊರೆತರೆ, ಔಷಧವಿಲ್ಲದೆ ಮರಳುವ ತಾಯಿಗೂ ಧೈರ್ಯ, ಔಷಧ ಬರೆಯದ ವೈದ್ಯರಿಗೂ ಧೈರ್ಯ.

ಸೂಜಿಗಾಗಿ ಒತ್ತಾಯಿಸಬೇಡಿರಿ. ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ಕೊಳ್ಳಬೇಡಿರಿ. ಹಿಂದಿನ ಸಲ ಉಳಿದ ಮಾತ್ರೆಯನ್ನು ಈ ಸಲದ ಜ್ವರಕ್ಕೆ ನುಂಗುವುದು, ಒಬ್ಬರಿಗೆ ಬರೆದುದನ್ನು ಇನ್ನೊಬ್ಬರಿಗೆ ಕೊಡುವುದು ಎರಡೂ ಸಲ್ಲದು. ವೈದ್ಯರು ಬರೆದಾಗ ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಇಂದು ಹಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನಗಳ ಚಿಕಿತ್ಸೆ ಸಾಕೆಂದು ತಿಳಿದುಬಂದಿದೆ. ಆದುದರಿಂದ ಎಷ್ಟು ದಿನವೆಂದು ಕೇಳಿ ತಿಳಿಯಿರಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿರಿ, ಮುಂದುವರಿಸಲೂಬೇಡಿರಿ. ಹಳೆಯ ಚೀಟಿಗಳನ್ನು ಎಸೆಯದೆ ತೋರಿಸಿರಿ. ದನಕರುಗಳಿಗೂ ಪಶುವೈದ್ಯರ ಸಲಹೆಯಿಲ್ಲದೆ ಈ ಔಷಧ ಹಾಕಿಸಬೇಡಿರಿ. ಹಾಕಿಸಿದರೆ ಅವರು ಹೇಳಿದಷ್ಟು ದಿನ ಆ ಹಾಲನ್ನು ಬಳಸಬಾರದು.

ನೂರಾರು ಮಕ್ಕಳು ಒಟ್ಟಿಗೆ ವಾಸಿಸುವ ಪ್ರಸಾದನಿಲಯಗಳಲ್ಲಿ ಒಬ್ಬರ ನೆಗಡಿ ವಾರದಲ್ಲಿ ಎಲ್ಲರಿಗೂ ಹರಡುತ್ತದೆ. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಮಾತ್ರೆ ಹಂಚುವುದು ಪರಿಹಾರವಲ್ಲ. ಊಟಕ್ಕೆ ಮೊದಲು, ಶೌಚದ ನಂತರ ಸಾಬೂನಿನಿಂದ ಕೈತೊಳೆಯುವುದು, ಶುದ್ಧ ಕುಡಿಯುವ ನೀರು, ಗಾಳಿಯಾಡುವ ಕೊಠಡಿ, ಕಾಲಕಾಲಕ್ಕೆ ಲಸಿಕೆ ಇವು ಸೋಂಕನ್ನೇ ತಡೆಯುತ್ತವೆ. ಸೋಂಕೇ ಇಲ್ಲದಿದ್ದರೆ ಚೀಟಿಯ ಪ್ರಶ್ನೆಯೇ ಇಲ್ಲ. ಜಾತ್ರೆ, ದಾಸೋಹಗಳ ವ್ಯವಸ್ಥೆ ಹೊತ್ತವರಿಗೂ ಈ ಮಾತು ಅನ್ವಯಿಸುತ್ತದೆ.

ಭಕ್ತವೃಂದದಲ್ಲಿ ವೈದ್ಯರೂ ಔಷಧ ಅಂಗಡಿಯ ಮಾಲೀಕರೂ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ನಾಳೆಯಿಂದ ಪ್ರತಿಯೊಂದು ಆಂಟಿಬಯೋಟಿಕ್ ಹೆಸರಿನ ಪಕ್ಕದಲ್ಲಿ ಅದರ ಕಾರಣವನ್ನು ಒಂದೆರಡು ಪದಗಳಲ್ಲಿ ಬರೆಯೋಣ. "ಅಗತ್ಯವಿಲ್ಲದೆ ಬರೆಯುವುದಿಲ್ಲ" ಎಂಬ ಮಾತನ್ನು ನಮ್ಮ ಸಹಿಯೊಂದಿಗೆ ಕೊಠಡಿಯಲ್ಲಿ ತೂಗುಹಾಕೋಣ. ಚೀಟಿಯಿಲ್ಲದೆ ಕೇಳಿದವರಿಗೆ ಕೊಡದಿರೋಣ. ವೈದ್ಯವೃತ್ತಿ ಕಾಯಕವಾಗುವುದು ಎಷ್ಟು ಬರೆದೆವೆಂಬುದರಿಂದಲ್ಲ, ಎಷ್ಟು ವಿಚಾರ ಮಾಡಿ ಬರೆದೆವೆಂಬುದರಿಂದ.

ಇತ್ತೀಚೆಗೆ ನನ್ನಲ್ಲಿಗೆ ಬರುವ ತಾಯಂದಿರೊಡನೆ ಮೊದಲಿಗಿಂತ ಎರಡು ಮಾತು ಹೆಚ್ಚು ಆಡುತ್ತೇನೆ. "ತಂಗಿ, ಇದು ನೆಗಡಿ, ಮದ್ದಿಲ್ಲದೆ ಹೋಗುತ್ತದೆ. ಉಸಿರು ಜೋರಾದರೆ, ಹಾಲು ಬಿಟ್ಟರೆ ರಾತ್ರಿಯಾದರೂ ಸರಿ ಕರೆದುಕೊಂಡು ಬಾ" ಎನ್ನುತ್ತೇನೆ. ಸೂಜಿಯಿಲ್ಲದೆ ಹೋಗಲು ಕೆಲವರಿಗೆ ಇನ್ನೂ ಮನಸ್ಸಾಗುವುದಿಲ್ಲ. ಆದರೆ ಹೆಚ್ಚಿನವರು ತಲೆಯಾಡಿಸಿ, ಸೆರಗಿನಲ್ಲಿ ಮಗುವನ್ನು ಸುತ್ತಿಕೊಂಡು ಎದ್ದು ಹೋಗುತ್ತಾರೆ. ಆ ಮಗುವಿಗೆ ಮುಂದೊಂದು ದಿನ ನಿಜವಾಗಿ ಔಷಧ ಬೇಕಾದಾಗ ಅದು ನಾಟಬೇಕು. ಇಂದು ಬರೆಯದೆ ಉಳಿಸಿದ ಚೀಟಿ ಅಂದಿಗಾಗಿ.